ಬೆರಳುಗಳ ರೂಢಿಯೂ ಬೆರಳುಗಳ ಸ್ವಾತಂತ್ರ್ಯವೂ

ರೂಢಿಯು ಬಹುಕಾಲ ನಿಂತರೆ ಪ್ರಕೃತಿಯ ವೇಷವನ್ನು ತೊಟ್ಟುಕೊಳ್ಳುವುದು ಲೋಕದ ಸ್ವಭಾವ. ತಂದೆಯು ನಡೆದ ಕಾಲುದಾರಿಯಲ್ಲಿ ಮಗನು ನಡೆಯುತ್ತಾನೆ. ಮೊಮ್ಮಗನ ಕಾಲಕ್ಕೆ ಅದೇ ರಾಜಮಾರ್ಗವಾಗುತ್ತದೆ. ಆ ಮೇಲೆ ಅದನ್ನು ಮೊದಲು ತುಳಿದವರಾರು, ಅಷ್ಟು ಸುತ್ತಿ ಬಳಸಿ ಹೋಗಲು ಕಾರಣವೇನು ಎಂದು ಕೇಳುವವರೇ ಇರುವುದಿಲ್ಲ. ಇಂಥ ರಾಜಮಾರ್ಗಗಳಲ್ಲೊಂದು ಈ ದಿನ ಪ್ರತಿಯೊಂದು ಕಚೇರಿಯ ಮೇಜಿನ ಮೇಲೆಯೂ ಇದೆ. ಅದೇ ಗಣಕಯಂತ್ರದ ಕೀಲಿಮಣೆ. ಅದರ ಮೇಲಣ ಸಾಲು ಎಡತುದಿಯಿಂದ ಕ್ಯೂ, ಡಬ್ಲ್ಯೂ, ಇ, ಆರ್, ಟಿ, ವೈ ಎಂದು ಮೊದಲಾಗುವುದರಿಂದ ಆ ವಿನ್ಯಾಸಕ್ಕೆ 'ಕ್ವರ್ಟಿ' ಎಂಬ ಹೆಸರು ಬಂದಿದೆ. ಇದು ಅಕಾರಾದಿಯ ಕ್ರಮವಲ್ಲ. ಯಾವ ಅಕ್ಷರವು ಹೆಚ್ಚು ಬಳಕೆಯಲ್ಲಿದೆ, ಯಾವುದು ಕಡಿಮೆ ಎಂಬ ಲೆಕ್ಕದ ಕ್ರಮವೂ ಅಲ್ಲ. ಆದರೂ ಕೋಟ್ಯಂತರ ಜನರ ಬೆರಳುಗಳು ಅದನ್ನೇ ವೇದವಾಕ್ಯವೆಂದು ಅನುಸರಿಸುತ್ತಿವೆ.

ಇದು ಸಂಪಾದಕೀಯ ಪುಟಕ್ಕೆ ತಕ್ಕ ವಿಷಯವೇ ಎಂದು ಕೆಲವು ವಾಚಕರು ಹುಬ್ಬೇರಿಸಬಹುದು. ಬೆಳೆ, ಬೆಲೆ, ತೆರಿಗೆ, ಚುನಾವಣೆಗಳಿರುವಾಗ ಕೀಲಿಮಣೆಯ ಮಾತೇಕೆ? ನಮ್ಮ ಉತ್ತರವಿಷ್ಟೆ. ಗುಮಾಸ್ತರೂ ಅಧಿಕಾರಿಗಳೂ ವಕೀಲರೂ ಉಪಾಧ್ಯಾಯರೂ ಪತ್ರಿಕೆಯವರೂ ತಮ್ಮ ಆಯುಷ್ಯದ ಬಹುಭಾಗವನ್ನು ಈಗ ಈ ಮಣೆಯ ಮುಂದೆಯೇ ಕಳೆಯುತ್ತಾರೆ. ಲೇಖನಿಯು ಹೇಗಿರಬೇಕೆಂದು ವಿಚಾರ ಮಾಡಿದ ನಮ್ಮ ಹಿರಿಯರು ಅದನ್ನು ಅಲ್ಪ ವಿಷಯವೆಂದು ಎಣಿಸಲಿಲ್ಲ. ಇದಲ್ಲದೆ, ರೂಢಿಯ ವಿನ್ಯಾಸವನ್ನು ಬಿಟ್ಟು ಬೇರೊಂದನ್ನು ಬುದ್ಧಿಪೂರ್ವಕವಾಗಿ ಆರಿಸಿಕೊಂಡು, ಪ್ರತಿನಿತ್ಯವೂ ಅದರಲ್ಲಿಯೇ ಬರೆಯುತ್ತಿರುವ ಒಂದು ಸಣ್ಣ ಸಮುದಾಯವು ಲೋಕದಲ್ಲಿದೆ. ಅವರು ಗಳಿಸಿದ್ದೇನು, ತೆತ್ತದ್ದೇನು ಎಂಬುದನ್ನು ತೂಗಿ ನೋಡಿದರೆ ಕನ್ನಡಿಗರಾದ ನಮಗೂ ಕಲಿಯತಕ್ಕದ್ದು ಇದೆ.

ಮೊದಲು ಕ್ವರ್ಟಿಯ ಪೂರ್ವವೃತ್ತಾಂತವನ್ನು ನೋಡೋಣ. ಅಮೆರಿಕಾ ಸಂಯುಕ್ತ ಸಂಸ್ಥಾನದ ವಿಸ್ಕಾನ್ಸಿನ್ ಪ್ರಾಂತದಲ್ಲಿ ಕ್ರಿಸ್ಟಫರ್ ಲೇಥಮ್ ಶೋಲ್ಸ್ ಎಂಬಾತನಿದ್ದನು. ಈತನು ನಮ್ಮ ವೃತ್ತಿಬಾಂಧವನೇ. ಮುದ್ರಣದ ಕಸಬನ್ನು ಬಲ್ಲವನು, ಪತ್ರಿಕೆಗಳನ್ನು ನಡೆಸಿದವನು. ಮಿಲ್ವಾಕಿ ಪಟ್ಟಣದಲ್ಲಿ ಈತನೂ ಇಬ್ಬರು ಜೊತೆಗಾರರೂ ಸೇರಿ ಕಟ್ಟಿದ ಬೆರಳಚ್ಚು ಯಂತ್ರಕ್ಕೆ ೧೮೬೮ರಲ್ಲಿ ಹಕ್ಕುಪತ್ರ ದೊರೆಯಿತು. ಮುಂದೆ ಬಂದೂಕುಗಳನ್ನೂ ಹೊಲಿಗೆ ಯಂತ್ರಗಳನ್ನೂ ಮಾಡುತ್ತಿದ್ದ ರೆಮಿಂಗ್ಟನ್ ಕಂಪನಿಯವರು ಅದನ್ನು ಕೈಗೆತ್ತಿಕೊಂಡು ೧೮೭೪ರಲ್ಲಿ ಮಾರಾಟಕ್ಕೆ ತಂದರು. ಆ ಮೊದಲ ಯಂತ್ರದಲ್ಲಿ ದೊಡ್ಡಕ್ಷರಗಳು ಮಾತ್ರವೇ ಇದ್ದವು. ಅಚ್ಚಿನ ಕಡ್ಡಿಗಳು ಕಾಗದದ ಕೆಳಗಿನಿಂದ ಮೇಲಕ್ಕೆ ಹೊಡೆಯುತ್ತಿದ್ದುದರಿಂದ ಬರೆಯುವವನಿಗೆ ತಾನು ಬರೆದದ್ದು ಒಡನೆ ಕಾಣುತ್ತಲೂ ಇರಲಿಲ್ಲ. ಈಗ ನಾವು ಬಳಸುತ್ತಿರುವ ಅಕ್ಷರಗಳ ಕ್ರಮವು ಬಹುಮಟ್ಟಿಗೆ ಆಗಲೇ ಸಿದ್ಧವಾಗಿದ್ದಿತು.

ಈ ಕ್ರಮವನ್ನು ಹೀಗೆಯೇ ಏತಕ್ಕೆ ಮಾಡಿದರು? ಪಕ್ಕಪಕ್ಕದ ಕಡ್ಡಿಗಳು ಒಂದಕ್ಕೊಂದು ಸಿಕ್ಕಿಕೊಳ್ಳದಿರಲೆಂದು ಜೊತೆಯಾಗಿ ಬರುವ ಅಕ್ಷರಗಳನ್ನು ದೂರದೂರವಿಟ್ಟರೆಂಬುದು ಎಲ್ಲರೂ ಹೇಳುವ ಕಥೆ. ಜಪಾನಿನ ಕ್ಯೋಟೋ ವಿಶ್ವವಿದ್ಯಾನಿಲಯದ ಯಸುಒಕಾ ದಂಪತಿಗಳು ಹಳೆಯ ದಾಖಲೆಗಳನ್ನು ಶೋಧಿಸಿ, ತಂತಿ ಸುದ್ದಿಯನ್ನು ಕೇಳುತ್ತ ಬರೆದುಕೊಳ್ಳುತ್ತಿದ್ದವರ ಅನುಕೂಲಕ್ಕಾಗಿ ಅಕ್ಷರಗಳು ಅತ್ತಿತ್ತ ಸರಿದುವೆಂದು ೨೦೧೧ರಲ್ಲಿ ವಾದಿಸಿದ್ದಾರೆ. ಎರಡರಲ್ಲಿ ಯಾವುದು ನಿಜವಾದರೂ ನಮ್ಮ ಪ್ರಕೃತ ವಿಷಯಕ್ಕೆ ಒಂದು ಮಾತು ಸಾಕು: ಹತ್ತು ಬೆರಳುಗಳಿಂದ, ಮಣೆಯನ್ನು ನೋಡದೆ, ದಿನವಿಡೀ ಬರೆಯತಕ್ಕ ಮನುಷ್ಯನು ಆ ವಿನ್ಯಾಸಕಾರರ ಕಣ್ಣ ಮುಂದೆ ಇರಲಿಲ್ಲ. ಅಂಥವನು ಪ್ರಸಿದ್ಧಿಗೆ ಬಂದದ್ದು ೧೮೮೮ರಲ್ಲಿ. ಸಿನ್ಸಿನಾಟಿಯಲ್ಲಿ ನಡೆದ ಪಂದ್ಯದಲ್ಲಿ ಫ್ರಾಂಕ್ ಮೆಗರಿನ್ ಎಂಬಾತನು ರೆಮಿಂಗ್ಟನ್ ಯಂತ್ರದ ಮೇಲೆ ಕಣ್ಣಿಡದೆ ಬರೆದು ಗೆದ್ದಾಗ. ೧೮೯೩ರಲ್ಲಿ ದೊಡ್ಡ ದೊಡ್ಡ ತಯಾರಕರು ಒಂದೇ ಕೂಟವಾಗಿ ಸೇರಿಕೊಂಡರು. ಬೆರಳಚ್ಚು ಶಾಲೆಗಳು ಅದೇ ಮಣೆಯನ್ನು ಕಲಿಸಿದವು, ಕಲಿತವರಿಗಾಗಿ ತಯಾರಕರು ಅದೇ ಮಣೆಯನ್ನು ಮಾಡಿದರು. ಹೀಗೆ ಯಂತ್ರವು ಶಾಲೆಯನ್ನೂ ಶಾಲೆಯು ಯಂತ್ರವನ್ನೂ ಕಟ್ಟಿಹಾಕಿದವು.

ದೋಷವೆಲ್ಲಿ ಎಂದರೆ, ಕೈಯನ್ನು ಮಣೆಯ ನಡುವಣ ಸಾಲಿನಲ್ಲಿ ವಿಶ್ರಾಂತವಾಗಿಟ್ಟು ನೋಡಿದರೆ ತಾನೇ ತಿಳಿಯುತ್ತದೆ. ಇಂಗ್ಲಿಷಿನಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಬರುವ ಇ ಎಂಬ ಅಕ್ಷರವು ಮೇಲಣ ಸಾಲಿನಲ್ಲಿದೆ. ಟಿ, ಓ, ಐ ಎಂಬಿವೂ ಅಲ್ಲಿಯೇ ಇವೆ. ಎನ್ ಕೆಳಸಾಲಿಗೆ ಬಿದ್ದಿದೆ. ಸ್ವರಗಳ ಪೈಕಿ ಎ ಒಂದೇ ನಡುಸಾಲಿನಲ್ಲಿದ್ದು, ಅದೂ ಬಲಹೀನವಾದ ಎಡಗಿರುಬೆರಳಿನ ಪಾಲಿಗೆ ಬಂದಿದೆ. ಇತ್ತ ಬಲಗೈಯ ತೋರುಬೆರಳಿನ ಕೆಳಗೆ, ಅಂದರೆ ಸಿಂಹಾಸನದಂಥ ಸ್ಥಳದಲ್ಲಿ, ಅಪರೂಪವಾದ ಜೆ ಎಂಬ ಅಕ್ಷರವು ಕುಳಿತಿದೆ. ದುಡಿಯುವವನು ಊರಾಚೆ, ಸೋಮಾರಿಯು ಚಾವಡಿಯಲ್ಲಿ ಎಂಬಂತಾಗಿದೆ ಈ ವ್ಯವಸ್ಥೆ. ಮೇಲಾಗಿ ಬಹುಜನರು ಬಲಗೈಯವರಾಗಿದ್ದರೂ ದುಡಿಮೆಯ ಅರ್ಧಕ್ಕಿಂತ ಹೆಚ್ಚು ಪಾಲು ಎಡಗೈಯ ಮೇಲೆ ಬೀಳುತ್ತದೆ.

ಇದನ್ನು ಕಂಡು ಸುಮ್ಮನಿರಲಾರದವರು ಸಿಯಾಟಲ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾನಿಲಯದಲ್ಲಿ ಶಿಕ್ಷಣಶಾಸ್ತ್ರದ ಪ್ರೊಫೆಸರಾಗಿದ್ದ ಆಗಸ್ಟ್ ಡ್ವೊರಾಕ್‌ರವರು. ಅವರೂ ಅವರ ಭಾವಮೈದುನ ವಿಲಿಯಂ ಡೀಲಿಯವರೂ ಇಂಗ್ಲಿಷಿನ ಅಕ್ಷರಗಳ ಬಳಕೆಯನ್ನೂ ಬೆರಳುಗಳ ಚಲನೆಯನ್ನೂ ವರ್ಷಗಟ್ಟಲೆ ಪರೀಕ್ಷಿಸಿ ಹೊಸದೊಂದು ವಿನ್ಯಾಸವನ್ನು ರಚಿಸಿದರು. ಅದಕ್ಕೆ ೧೯೩೬ರಲ್ಲಿ ಹಕ್ಕುಪತ್ರ ದೊರೆಯಿತು. ಇದರ ನಡುಸಾಲಿನಲ್ಲಿ ಎಡಗೈಗೆ ಎ, ಓ, ಇ, ಯು, ಐ ಎಂಬ ಐದು ಸ್ವರಗಳು; ಬಲಗೈಗೆ ಡಿ, ಎಚ್, ಟಿ, ಎನ್, ಎಸ್ ಎಂಬ ಐದು ವ್ಯಂಜನಗಳು. ಮಾತಿನಲ್ಲಿ ಸ್ವರವ್ಯಂಜನಗಳು ಒಂದಾದ ಮೇಲೊಂದು ಬರುವುದರಿಂದ ಎಡಗೈ ಬಲಗೈಗಳೂ ಒಂದಾದ ಮೇಲೊಂದು, ಮದ್ದಳೆ ನುಡಿಸುವವನ ಕೈಗಳಂತೆ, ಸರದಿಯಲ್ಲಿ ದುಡಿಯುತ್ತವೆ. ಕ್ವರ್ಟಿಯಲ್ಲಿ ನೂರು ಹೊಡೆತಗಳಲ್ಲಿ ಸುಮಾರು ಮೂವತ್ತು ಮಾತ್ರ ನಡುಸಾಲಿನಲ್ಲಿ ಬಿದ್ದರೆ, ಡ್ವೊರಾಕ್ ವಿನ್ಯಾಸದಲ್ಲಿ ಸುಮಾರು ಎಪ್ಪತ್ತು ಅಲ್ಲಿಯೇ ಬೀಳುತ್ತವೆ.

ಇಷ್ಟು ಸೊಗಸಾದ ವಸ್ತುವನ್ನು ಲೋಕವು ಏಕೆ ಕೈಹಿಡಿಯಲಿಲ್ಲ? ಇಲ್ಲಿ ಪಕ್ಷಪಾತವಿಲ್ಲದೆ ಮಾತನಾಡಬೇಕು. ಅಮೆರಿಕಾದ ನೌಕಾದಳದವರು ೧೯೪೪ರಲ್ಲಿ ಮಾಡಿದ ಪರೀಕ್ಷೆಯು ಡ್ವೊರಾಕ್ ವಿನ್ಯಾಸವನ್ನು ಬಹಳವಾಗಿ ಹೊಗಳಿತು. ಆದರೆ ಡ್ವೊರಾಕ್‌ರವರು ಆಗ ಸ್ವತಃ ಆ ದಳದ ಅಧಿಕಾರಿಯಾಗಿದ್ದರೆಂಬುದನ್ನು ಮರೆಯಲಾಗದು. ೧೯೫೬ರಲ್ಲಿ ಅದೇ ದೇಶದ ಸರ್ಕಾರಿ ಇಲಾಖೆಯೊಂದಕ್ಕಾಗಿ ಅರ್ಲ್ ಸ್ಟ್ರಾಂಗ್ ಎಂಬವರು ನಡೆಸಿದ ಪರೀಕ್ಷೆಯಲ್ಲಿ, ಹಳಬರನ್ನು ಹೊಸ ಮಣೆಗೆ ತಿರುಗಿಸುವುದರಿಂದ ಲಾಭ ಕಾಣಲಿಲ್ಲ. ಅರ್ಥಶಾಸ್ತ್ರಜ್ಞ ಪಾಲ್ ಡೇವಿಡ್‌ರವರು ೧೯೮೫ರಲ್ಲಿ, ಲೋಕವು ಕೀಳಾದ ಪದ್ಧತಿಗೆ ಸಿಕ್ಕಿಬಿದ್ದುದಕ್ಕೆ ಕ್ವರ್ಟಿಯೇ ಉದಾಹರಣೆಯೆಂದು ಬರೆದರು. ೧೯೯೦ರಲ್ಲಿ ಲೀಬೋವಿಟ್ಸ್ ಮತ್ತು ಮಾರ್ಗೋಲಿಸ್ ಎಂಬಿಬ್ಬರು, ಆ ಕಥೆಯೇ ಕಟ್ಟುಕಥೆ, ಡ್ವೊರಾಕ್ ವಿನ್ಯಾಸವು ಹೆಚ್ಚಿನದೆಂಬುದಕ್ಕೆ ಗಟ್ಟಿ ಪ್ರಮಾಣವಿಲ್ಲ ಎಂದು ಎದುರುತ್ತರ ಕೊಟ್ಟರು. ಈ ವಾದ ಪ್ರತಿವಾದಗಳಿಂದ ನಾವು ತಿಳಿಯತಕ್ಕದ್ದೇನೆಂದರೆ, ವೇಗದ ಆಸೆಯಿಂದ ವಿನ್ಯಾಸವನ್ನು ಬದಲಿಸುವವನು ನಿರಾಶನಾಗುವ ಸಂಭವವೇ ಹೆಚ್ಚು. ಬೆರಳಿನ ವೇಗವು ಅಭ್ಯಾಸದ ಫಲ. ವಿನ್ಯಾಸದ ಫಲವಾದದ್ದು ಬೆರಳಿನ ನಡಿಗೆಯ ದೂರ. ದಿನಕ್ಕೆ ನಾಲ್ಕು ಸಾಲು ಬರೆಯುವವನಿಗೆ ಆ ದೂರವು ಲೆಕ್ಕಕ್ಕಿಲ್ಲ. ದಿನವೆಲ್ಲ ಬರೆಯುವವನಿಗೆ ಅದು ಲೆಕ್ಕಕ್ಕಿದೆ. ಗೆಲ್ಲುವ ಕುದುರೆಗೂ ಆಯಾಸಪಡದ ಎತ್ತಿಗೂ ಇರುವ ಅಂತರವನ್ನು ಬಲ್ಲ ನಮ್ಮ ರೈತನಿಗೆ ಈ ಮಾತನ್ನು ವಿವರಿಸಬೇಕಾಗಿಲ್ಲ.

ಹೊಸ ವಿನ್ಯಾಸವನ್ನು ಕೈಗೊಂಡವನ ದಿನಚರಿ ಹೇಗಿರುತ್ತದೆ? ಆರಂಭವು ಕಷ್ಟವೇ. ನಿನ್ನೆಯವರೆಗೆ ಯೋಚನೆಯ ಜೊತೆಗೆ ಓಡುತ್ತಿದ್ದ ಬೆರಳುಗಳು ಇಂದು ಓಂನಾಮ ತಿದ್ದುವ ಮಗುವಿನಂತೆ ತಡಕಾಡುತ್ತವೆ. ಒಂದು ಚಿಕ್ಕ ಕಾಗದವನ್ನು ಬರೆಯಲು ಅರ್ಧ ಗಂಟೆ ಹಿಡಿಯುತ್ತದೆ. ಇದು ವಾರಗಟ್ಟಲೆ, ಕೆಲವರಿಗೆ ತಿಂಗಳುಗಟ್ಟಲೆ ನಡೆಯುತ್ತದೆ. ಹಳೆಯದು ಮರೆತು ಹೊಸದು ಬಾರದ ಆ ನಡುಗಾಲದಲ್ಲಿಯೇ ಬಹುಜನರು ಕೈಬಿಡುವುದು. ಹಗಲು ಹಳೆಯದು, ರಾತ್ರಿ ಹೊಸದು ಎಂದು ಎರಡು ದೋಣಿಯ ಮೇಲೆ ಕಾಲಿಟ್ಟವರಿಗೆ ಕಲಿಕೆ ಇನ್ನೂ ತಡ. ಕೆಲಸದ ಒತ್ತಡ ಕಡಿಮೆಯಾದ ಕಾಲವನ್ನು ನೋಡಿ, ಒಮ್ಮೆ ಹಿಡಿದ ಮೇಲೆ ಬಿಡದೆ, ಕೀಲಿಗಳ ಮೇಲಣ ಅಕ್ಷರಗಳನ್ನು ನೋಡದೆ ಅಭ್ಯಾಸ ಮಾಡುವವನೇ ದಡ ಸೇರುತ್ತಾನೆ. ಕೀಲಿಗಳ ಮೇಲೆ ಬರೆದಿರುವುದು ಹಳೆಯ ವಿನ್ಯಾಸವಾದುದರಿಂದ ನೋಡಿ ಪ್ರಯೋಜನವೂ ಇಲ್ಲ. ಈ ಅನನುಕೂಲವೇ ನೋಡದೆ ಬರೆಯುವ ವಿದ್ಯೆಗೆ ಗುರುವಾಗುತ್ತದೆ.

ದಡ ಸೇರಿದ ಮೇಲೆಯೂ ಬೇರೆ ಬಗೆಯ ತೊಂದರೆಗಳುಂಟು. ಪ್ರತಿ ಮಾಡುವುದಕ್ಕೂ ಕತ್ತರಿಸುವುದಕ್ಕೂ ಅಂಟಿಸುವುದಕ್ಕೂ ಗೊತ್ತುಮಾಡಿರುವ ಕೀಲಿಗಳು ಕ್ವರ್ಟಿಯಲ್ಲಿ ಎಡಗೈಯ ಕೆಳಗೆ ಒಟ್ಟಾಗಿವೆ. ಡ್ವೊರಾಕ್ ವಿನ್ಯಾಸದಲ್ಲಿ ಅವು ದಿಕ್ಕಾಪಾಲಾಗುತ್ತವೆ. ಆಪಲ್ ಕಂಪನಿಯವರು ಆಜ್ಞೆಯ ಕೀಲಿಯನ್ನು ಒತ್ತಿ ಹಿಡಿದಾಗ ಮಾತ್ರ ಮಣೆಯು ಕ್ವರ್ಟಿಯಾಗುವಂತೆ ಒಂದು ಮಿಶ್ರ ವಿನ್ಯಾಸವನ್ನು ಒದಗಿಸಿರುವುದು ಇದೇ ಕಾರಣಕ್ಕೆ. ಶಾಯ್ ಕೋಲ್ಮನ್ ಎಂಬವರು ೨೦೦೬ರಲ್ಲಿ ಪ್ರಕಟಿಸಿದ 'ಕೋಲ್‌ಮ್ಯಾಕ್' ಎಂಬ ವಿನ್ಯಾಸವು ಕ್ವರ್ಟಿಯ ಹದಿನೇಳು ಕೀಲಿಗಳನ್ನು ಮಾತ್ರ ಬದಲಿಸಿ, ಆ ಕೆಳಸಾಲಿನ ಕೀಲಿಗಳನ್ನು ಇದ್ದಲ್ಲಿಯೇ ಬಿಟ್ಟು, ಸುಧಾರಣೆಗೂ ರೂಢಿಗೂ ರಾಜಿ ಮಾಡಿಸಲು ಯತ್ನಿಸಿದೆ. ಇದಲ್ಲದೆ, ಯಂತ್ರವನ್ನು ತೆರೆಯುವಾಗ ಗುಪ್ತಪದವನ್ನು ಕೇಳುವ ಪರದೆಯಲ್ಲಿ ಯಾವ ವಿನ್ಯಾಸವು ಜಾರಿಯಲ್ಲಿದೆಯೆಂಬುದು ತಿಳಿಯದೆ ಪರದಾಡುವುದುಂಟು. ಪರರ ಯಂತ್ರದ ಮುಂದೆ ಕುಳಿತರೆ ತಾನು ಅನಕ್ಷರಸ್ಥ. ತನ್ನ ಯಂತ್ರದ ಮುಂದೆ ಪರರು ಕುಳಿತರೆ ಅವರು ಅನಕ್ಷರಸ್ಥರು. ಒಟ್ಟಿನಲ್ಲಿ ಇವನು ತನ್ನ ಊರಿನಲ್ಲಿಯೇ ಪರಭಾಷೆಯನ್ನಾಡುವವನಂತೆ ಬಾಳಬೇಕಾಗುತ್ತದೆ.

ಹಾಗಿದ್ದರೂ ಈ ಬಾಳು ಹಿಂದಿಗಿಂತ ಈಗ ಸುಲಭ. ಕಬ್ಬಿಣದ ಯಂತ್ರದಲ್ಲಿ ವಿನ್ಯಾಸವನ್ನು ಬದಲಿಸಬೇಕಾದರೆ ಕಡ್ಡಿಗಳನ್ನು ಬೆಸುಗೆ ಬಿಚ್ಚಿ ಮತ್ತೆ ಬೆಸೆಯಬೇಕಾಗಿದ್ದಿತು. ಇಲ್ಲವೇ ಬೇರೆ ಯಂತ್ರವನ್ನೇ ಕೊಳ್ಳಬೇಕಾಗಿದ್ದಿತು. ಗಣಕಯಂತ್ರದಲ್ಲಾದರೋ ವಿನ್ಯಾಸವೆಂಬುದು ಯಂತ್ರದೊಳಗಣ ಒಂದು ಕೋಷ್ಟಕ ಮಾತ್ರ. ವಿಂಡೋಸ್, ಮ್ಯಾಕ್, ಲಿನಕ್ಸ್ ಎಂಬ ಮೂರು ವ್ಯವಸ್ಥೆಗಳಲ್ಲಿಯೂ ಡ್ವೊರಾಕ್ ವಿನ್ಯಾಸವು ಕಾಸಿನ ಖರ್ಚಿಲ್ಲದೆ ದೊರೆಯುತ್ತದೆ. ಒಬ್ಬನ ಆಯ್ಕೆಯು ಇನ್ನೊಬ್ಬನಿಗೆ ಅಡ್ಡಿಯಾಗದಂತೆ ಒಂದೇ ಮಣೆಯಲ್ಲಿ ಹತ್ತು ವಿನ್ಯಾಸಗಳು ಇರಬಹುದಾಗಿದೆ. ಅಲ್ಪಸಂಖ್ಯಾತನಾದವನು ಬಹುಸಂಖ್ಯಾತರ ನಡುವೆ ತನ್ನ ರೀತಿಯನ್ನು ಉಳಿಸಿಕೊಂಡು ಬಾಳುವುದಕ್ಕೆ ಬೇಕಾದದ್ದು ಇಂಥ ಬಾಗಿಲೇ ಹೊರತು ಎಲ್ಲರನ್ನೂ ತನ್ನಂತೆ ಮಾಡುವ ಕಾನೂನಲ್ಲ.

ಕಾನೂನಿನಿಂದ ಎಷ್ಟಾಗುತ್ತದೆ, ಎಷ್ಟಾಗುವುದಿಲ್ಲ ಎಂಬುದಕ್ಕೆ ತುರ್ಕಿ ದೇಶವು ಸಾಕ್ಷಿ. ಅಲ್ಲಿ ಇಹ್ಸಾನ್ ಸಿತ್ಕಿ ಯೆನೆರ್‌ರವರ ನೇತೃತ್ವದಲ್ಲಿ ತುರ್ಕಿ ಭಾಷೆಯ ಅಕ್ಷರಗಳ ಬಳಕೆಯನ್ನು ಎಣಿಸಿ ರಚಿಸಿದ 'ಎಫ್' ಮಣೆಯು ೧೯೫೫ರಲ್ಲಿ ರಾಷ್ಟ್ರೀಯ ಪ್ರಮಾಣವಾಯಿತು. ಆ ಮಣೆಯಲ್ಲಿ ಕಲಿತ ತುರ್ಕಿಯ ಬೆರಳಚ್ಚುಗಾರರು ಲೋಕಮಟ್ಟದ ಪಂದ್ಯಗಳಲ್ಲಿ ಹೆಸರು ಗಳಿಸಿದರು. ಆದರೆ ಗಣಕಯಂತ್ರಗಳು ಹೊರದೇಶಗಳಿಂದ ಬಂದಾಗ ಕ್ವರ್ಟಿಯು ಅವುಗಳ ಬೆನ್ನೇರಿ ಬಂದು, ಮನೆಮನೆಗಳಲ್ಲಿ ಎಫ್ ಮಣೆಯನ್ನು ಮೂಲೆಗೊತ್ತಿತು. ೨೦೧೩ರಲ್ಲಿ ಸರ್ಕಾರದವರು ತಮ್ಮ ಕಚೇರಿಗಳಾದರೂ ಎಫ್ ಮಣೆಗೆ ಮರಳಬೇಕೆಂದು ಸುತ್ತೋಲೆ ಹೊರಡಿಸಬೇಕಾಯಿತು. ಫ್ರಾನ್ಸ್ ದೇಶದವರು ಬೇರೆ ದಾರಿ ಹಿಡಿದರು. ೨೦೧೯ರ ತಮ್ಮ ಪ್ರಮಾಣದಲ್ಲಿ ರೂಢಿಯ 'ಅಜೆರ್ಟಿ' ಮಣೆಯನ್ನು ತಿದ್ದಿ ಉಳಿಸಿಕೊಂಡುದಲ್ಲದೆ, ಡ್ವೊರಾಕ್‌ರ ತತ್ತ್ವದಂತೆ ಫ್ರೆಂಚ್ ಭಾಷೆಗಾಗಿ ರಚಿತವಾದ 'ಬೇಪೊ' ಎಂಬ ವಿನ್ಯಾಸಕ್ಕೂ ಮನ್ನಣೆ ಕೊಟ್ಟರು. ಒಂದನ್ನು ಆಳಲು ಬಿಟ್ಟು ಇನ್ನೊಂದನ್ನು ಬಾಳಲು ಬಿಡುವ ಈ ನೀತಿಯು ನಮಗೆ ಹೆಚ್ಚು ಮೆಚ್ಚುಗೆಯಾಗಿದೆ.

ಈ ಎರಡು ದೇಶದವರೂ ತಮ್ಮ ತಮ್ಮ ಭಾಷೆಯ ಅಕ್ಷರಗಳನ್ನು ಎಣಿಸಿ ಮಣೆಯನ್ನು ಯೋಚಿಸಿದರೆಂಬುದನ್ನು ಗಮನಿಸಬೇಕು. ನಮ್ಮ ಕನ್ನಡದ ಸ್ಥಿತಿಯೇನು? ಇಲ್ಲಿ ಮುಖ್ಯವಾಗಿ ಮೂರು ದಾರಿಗಳಿವೆ. ಮೊದಲನೆಯದು, ಕನ್ನಡವನ್ನು ಇಂಗ್ಲಿಷ್ ಕಾಗುಣಿತದಲ್ಲಿ ಬರೆದು ಯಂತ್ರದಿಂದ ಕನ್ನಡವಾಗಿಸುವುದು. ಎರಡನೆಯದು, ಕಿನ್ನಿಕಂಬಳ ಪದ್ಮನಾಭ ರಾಯರು, ಅಂದರೆ ಎಲ್ಲರೂ ಬಲ್ಲ ಶ್ರೀ ಕೆ. ಪಿ. ರಾವ್‌ರವರು, ರಚಿಸಿದ ವಿನ್ಯಾಸ. ಕರ್ನಾಟಕ ಸರ್ಕಾರದ ಮನ್ನಣೆ ಪಡೆದು, 'ನುಡಿ' ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ಮುಟ್ಟಿರುವುದು ಇದೇ. ಮೂರನೆಯದು, ಕೇಂದ್ರ ಸರ್ಕಾರದವರು ಭಾರತೀಯ ಲಿಪಿಗಳಿಗೆಲ್ಲ ಸಮಾನವಾಗಿರಲೆಂದು ಮಾಡಿಸಿ, ೧೯೯೧ರಲ್ಲಿ ಭಾರತೀಯ ಪ್ರಮಾಣದೊಳಗೆ ಸೇರಿಸಿದ 'ಇನ್‌ಸ್ಕ್ರಿಪ್ಟ್'.

ಶ್ರೀ ರಾಯರ ವಿನ್ಯಾಸದ ಗುಣ ದೊಡ್ಡದು. ಇಂಗ್ಲಿಷಿನ ಇಪ್ಪತ್ತಾರು ಕೀಲಿಗಳಲ್ಲಿಯೇ ಕನ್ನಡದ ವರ್ಣಮಾಲೆಯನ್ನು ಅಡಗಿಸಿದ ಅವರ ಜಾಣ್ಮೆಯಿಂದ, ಇಂಗ್ಲಿಷ್ ಮಣೆಯನ್ನು ಬಲ್ಲವನು ಕೆಲವೇ ದಿನಗಳಲ್ಲಿ ಕನ್ನಡವನ್ನೂ ಬರೆಯಬಲ್ಲನು. 'ಕನ್ನಡ' ಎಂಬ ಪದಕ್ಕೆ ಇದರಲ್ಲಿ ಐದೇ ಹೊಡೆತಗಳು. ಇಂಗ್ಲಿಷ್ ಕಾಗುಣಿತದ ದಾರಿಯಲ್ಲಿ ಏಳು. ಇದಲ್ಲದೆ ಕ, ನ, ಒತ್ತು, ನ, ಡ ಎಂದು ಕನ್ನಡದ ಮನಸ್ಸಿನಿಂದಲೇ ಇಲ್ಲಿ ಬರೆಯಬಹುದು. ಆದರೆ ಇದರ ಗುಣವೇ ಇದರ ಮಿತಿಯೂ ಆಗಿದೆ. ಅಕ್ಷರಗಳ ನೆಲೆಯು ಇಂಗ್ಲಿಷ್ ಧ್ವನಿಯನ್ನು ಹಿಡಿದು ಗೊತ್ತಾದುದರಿಂದ, ಕ್ವರ್ಟಿಯ ವಕ್ರತೆಯೆಲ್ಲವೂ ಕನ್ನಡಕ್ಕೆ ಬಳುವಳಿಯಾಗಿ ಬಂದಿದೆ. ತಕಾರಕ್ಕೆ ಟಿ ಕೀಲಿಯು ಹೋದುದರಿಂದ ಟಕಾರವು ಕ್ಯೂ ಕೀಲಿಗೂ, ದಕಾರಕ್ಕೆ ಡಿ ಕೀಲಿಯು ಹೋದುದರಿಂದ ಡಕಾರವು ಡಬ್ಲ್ಯೂ ಕೀಲಿಗೂ ವಲಸೆ ಹೋಗಬೇಕಾಯಿತು. ಇಂಗ್ಲಿಷ್ ಅರಿಯದ ಕನ್ನಡಿಗನಿಗೆ ಈ ಕ್ರಮದಲ್ಲಿ ಅರ್ಥವೇ ಕಾಣದು.

ಇನ್‌ಸ್ಕ್ರಿಪ್ಟ್‌ನಲ್ಲಿ ಸ್ವರಗಳೂ ಅವುಗಳ ಚಿಹ್ನೆಗಳೂ ಎಡಗೈಗೆ, ವ್ಯಂಜನಗಳು ಬಹುಮಟ್ಟಿಗೆ ಬಲಗೈಗೆ. ಅಲ್ಪಪ್ರಾಣದ ಕೀಲಿಯ ಮೇಲೆಯೇ ಮಹಾಪ್ರಾಣ. ಡ್ವೊರಾಕ್‌ರವರು ಇಂಗ್ಲಿಷಿಗೆ ಮಾಡಿದ ಸ್ವರವ್ಯಂಜನ ವಿಭಾಗವನ್ನು ನಮ್ಮ ವರ್ಣಮಾಲೆಯು ತಾನಾಗಿಯೇ ಒದಗಿಸಿತೆನ್ನಬಹುದು. ಕನ್ನಡದ ಯಾವ ಪುಟವನ್ನು ತೆರೆದರೂ ಪದೇ ಪದೇ ಕಾಣುವ ಇಕಾರ, ಉಕಾರ, ಒತ್ತಿನ ಚಿಹ್ನೆ, ರ, ಕ, ತ ಇವೆಲ್ಲವೂ ನಡುಸಾಲಿನಲ್ಲಿಯೇ ಇವೆ. ಒಮ್ಮೆ ಕಲಿತ ಕೈ ತೆಲುಗನ್ನೂ ಮಲೆಯಾಳವನ್ನೂ ಹಿಂದಿಯನ್ನೂ ಅದೇ ನೆಲೆಗಳಲ್ಲಿ ಬರೆಯಬಲ್ಲದು. ದೋಷವಿಲ್ಲವೆಂದಲ್ಲ. ಹ್ರಸ್ವ ಎಕಾರ ಒಕಾರಗಳು ದೇವನಾಗರಿಯಲ್ಲಿ ಬಳಕೆಯಿಲ್ಲದವಾದುದರಿಂದ, ಕನ್ನಡಕ್ಕೆ ಅತ್ಯಾವಶ್ಯಕವಾದ ಆ ಚಿಹ್ನೆಗಳು ಮಣೆಯ ಎಡ ಮೂಲೆಗಳಿಗೆ ತಳ್ಳಲ್ಪಟ್ಟು ಕಿರುಬೆರಳಿನ ಪಾಲಾಗಿವೆ. ನಾವು ಅನೇಕ ವರ್ಷಗಳಿಂದ ನಿತ್ಯದ ಬರವಣಿಗೆಗೆ ಇನ್‌ಸ್ಕ್ರಿಪ್ಟ್ ವಿನ್ಯಾಸವನ್ನೇ ಬಳಸುತ್ತಿದ್ದೇವೆ. ನಮ್ಮ ಕಾರ್ಯಾಲಯದಲ್ಲಿ ಉಳಿದವರೆಲ್ಲರೂ 'ನುಡಿ'ಯ ವಿನ್ಯಾಸದವರು. ಅವರಿಗಿಂತ ನಾವು ಬೇಗ ಬರೆಯುತ್ತೇವೆಂದು ಹೇಳಲಾರೆವು. ಆದರೆ ಕನ್ನಡವನ್ನು ಬರೆಯುವಾಗ ಇಂಗ್ಲಿಷ್ ಅಕ್ಷರವೊಂದೂ ನಮ್ಮ ಮನಸ್ಸಿನಲ್ಲಿ ಸುಳಿಯುವುದಿಲ್ಲ. ಸಂಜೆಗೆ ಕೈ ಸೋಲುವುದೂ ಕಡಿಮೆ. ಈ ಎರಡು ಲಾಭಗಳಿಗೆ ಆರಂಭದ ಕೆಲವು ವಾರಗಳ ಪರದಾಟವು ಹೆಚ್ಚಿನ ಬೆಲೆಯಲ್ಲವೆಂದು ನಮ್ಮ ಅಭಿಪ್ರಾಯ.

ಒಂದು ನಾಡಿಗೆ ಮೂರು ಮಣೆಗಳಾದರೆ ಏಕರೂಪತೆಗೆ ಭಂಗವಲ್ಲವೇ ಎಂದು ಅಧಿಕಾರಿಗಳು ಕೇಳಬಹುದು. ಹಿಂದೆ ಒಂದೊಂದು ತಂತ್ರಾಂಶವು ಕನ್ನಡವನ್ನು ಒಂದೊಂದು ಗುಪ್ತಸಂಕೇತದಲ್ಲಿ ಇಡುತ್ತಿದ್ದಾಗ ಆ ಭಯಕ್ಕೆ ಆಧಾರವಿದ್ದಿತು. ಒಬ್ಬನು ಬರೆದ ಕಡತ ಇನ್ನೊಬ್ಬನ ಯಂತ್ರದಲ್ಲಿ ಕಸವಾಗಿ ಕಾಣುತ್ತಿದ್ದಿತು. ಈಗ ಯೂನಿಕೋಡ್ ಸಂಕೇತವು ಬಂದ ಮೇಲೆ, ಯಾವ ಮಣೆಯಿಂದ ಬರೆದರೂ ಹುಟ್ಟುವ ಅಕ್ಷರ ಒಂದೇ. ಏಕರೂಪತೆಯು ಇರತಕ್ಕದ್ದು ಬರೆದ ಅಕ್ಷರದಲ್ಲಿ. ಬರೆಯುವ ಬೆರಳಿನಲ್ಲಿ ಅಲ್ಲ. ಎಡಗೈಯಲ್ಲಿ ಬರೆದ ಅರ್ಜಿಯನ್ನು ಯಾವ ಕಚೇರಿಯೂ ತಿರಸ್ಕರಿಸುವುದಿಲ್ಲವಷ್ಟೆ?

ಆದಕಾರಣ ನಾವು ಸೂಚಿಸತಕ್ಕದ್ದು ಇಷ್ಟು. ಇಂಗ್ಲಿಷ್ ಮಣೆಯಲ್ಲಿ ಪಳಗಿದ ನಡುವಯಸ್ಸಿನ ಗುಮಾಸ್ತನನ್ನು ಯಾರೂ ಬಲವಂತ ಮಾಡಬೇಕಾಗಿಲ್ಲ. ಅವನ ಕೈಗೆ ಕೂಡಿಬಂದದ್ದೇ ಅವನಿಗೆ ಒಳ್ಳೆಯದು. ಕೈನೋವಿನಿಂದ ಬಳಲುವವನು ಮೊದಲು ವೈದ್ಯರನ್ನೂ ಕೂರುವ ಕುರ್ಚಿಯ ಎತ್ತರವನ್ನೂ ವಿಚಾರಿಸಿ, ಆ ಮೇಲೆ ಮಣೆಯ ವಿಷಯವನ್ನು ಯೋಚಿಸಲಿ. ಆದರೆ ಇನ್ನೂ ಯಾವ ರೂಢಿಯೂ ಅಂಟದ ಮಕ್ಕಳಿಗೆ ಕನ್ನಡ ಬೆರಳಚ್ಚನ್ನು ಕಲಿಸುವಾಗ, ಇಂಗ್ಲಿಷ್ ಕಾಗುಣಿತದ ಊರುಗೋಲಿಲ್ಲದೆ, ಕನ್ನಡದ ವರ್ಣಗಳನ್ನು ಕನ್ನಡದ ವರ್ಣಗಳಾಗಿಯೇ ಒತ್ತುವುದನ್ನು ಕಲಿಸಬೇಕು. ಅದು ಶ್ರೀ ರಾಯರ ವಿನ್ಯಾಸವಾದರೂ ಆಗಲಿ, ಇನ್‌ಸ್ಕ್ರಿಪ್ಟ್ ಆದರೂ ಆಗಲಿ. ತನ್ನ ಭಾಷೆಯ ಹೆಸರನ್ನು ಬರೆಯುವುದಕ್ಕೂ ಪರಭಾಷೆಯ ಅಕ್ಷರಗಳನ್ನು ಮೊದಲು ನೆನೆಯಬೇಕಾದ ಮಗುವು, ಕಾಲಕ್ರಮದಲ್ಲಿ ತನ್ನ ವರ್ಣಮಾಲೆಯನ್ನೇ ಪರಕೀಯವೆಂದು ಭಾವಿಸಿದರೆ ದೋಷವು ಮಗುವಿನದಾಗದು. ಸರ್ಕಾರದವರೂ ತಂತ್ರಾಂಶ ತಯಾರಕರೂ ಯಾವ ವಿನ್ಯಾಸಕ್ಕೂ ಬಾಗಿಲು ಮುಚ್ಚದಿರಲಿ. ಕಲಿಯುವವರು ಮಾತ್ರ ತಿಳಿದು ಆರಿಸಿಕೊಳ್ಳಲಿ.